ಅನಿಲ ಬರಿದಾದ ಮೇಲೆ

ಕೇಳುಗರೇ, ನಮಸ್ಕಾರ.

ಬ್ರಿಟನ್ ಮತ್ತು ನಾರ್ವೆಯ ಗಡಿ ಉತ್ತರ ಸಮುದ್ರದಲ್ಲಿ ಹಾದುಹೋಗುವಲ್ಲಿ ಫ್ರಿಗ್ ಎಂಬ ಅನಿಲ ಕ್ಷೇತ್ರವಿತ್ತು. 1977ರಿಂದ ಅಲ್ಲಿನ ಅನಿಲ ಕಡಲತಳದ ಕೊಳವೆಗಳಲ್ಲಿ ಸ್ಕಾಟ್ಲೆಂಡಿಗೆ ಹರಿದು ಬ್ರಿಟನ್ನಿನ ಒಲೆಗಳಲ್ಲಿ ಉರಿಯಿತು. 2004ರ ಅಕ್ಟೋಬರಿನಲ್ಲಿ ಉತ್ಪಾದನೆ ನಿಂತಿತು. ಆದರೆ ಅಲ್ಲಿನ ಸ್ಥಾವರಗಳನ್ನು ಗುಡಾರ ಕಿತ್ತಂತೆ ಕಿತ್ತುಕೊಂಡು ಬರಲು ಅದೇನು ಜಾತ್ರೆಯ ಅಂಗಡಿಯೇ? ಆ ಕೆಲಸಕ್ಕೆ ವರ್ಷಗಳೇ ಹಿಡಿದವು.

ಇಂಥ ಕೆಲಸದಲ್ಲಿ ಎಲ್ಲರ ಕಣ್ಣು ಬೀಳುವುದು ನೀರಿನ ಮೇಲಿನ ಉಕ್ಕಿನ ಅಟ್ಟಣಿಗೆಯ ಮೇಲೆ. ನಿಜವಾದ ಗಂಡಾಂತರವಿರುವುದು ಕೆಳಗಿನ ಬಾವಿಗಳಲ್ಲಿ. ಸರಿಯಾಗಿ ಮುಚ್ಚದ ಬಾವಿಯಿಂದ ಮೀಥೇನ್ ಜಿನುಗುತ್ತಲೇ ಇರುತ್ತದೆ. ಆದ್ದರಿಂದ ಬೇರೆ ಬೇರೆ ಆಳಗಳಲ್ಲಿ ಸಿಮೆಂಟಿನ ಬಿರಟೆ ಹಾಕಿ, ಒತ್ತಡ ಕೊಟ್ಟು ಪರೀಕ್ಷಿಸಿ, ಆಮೇಲೆ ಬಾವಿಯ ಕೊಳವೆಯನ್ನು ಕಡಲತಳಕ್ಕಿಂತ ಕೆಳಗೆ ಕತ್ತರಿಸುತ್ತಾರೆ. ಮೇಲಕ್ಕೆತ್ತಿದ ಹಳೆಯ ಕೊಳವೆಗಳೂ ಸಾಧುವಲ್ಲ. ಅನಿಲದ ಜೊತೆ ಬಂದ ಉಪ್ಪುನೀರು ಒಳಗೋಡೆಗೆ ಗಟ್ಟಿ ಹಕ್ಕಳೆ ಕಟ್ಟಿಸಿರಬಹುದು, ಅದರಲ್ಲಿ ವಿಕಿರಣ ಸೂಸುವ ರೇಡಿಯಂ ಇರಬಹುದು. ಕೆಲವು ಕ್ಷೇತ್ರಗಳಲ್ಲಿ ಪಾದರಸವೂ ಸೇರಿಕೊಂಡಿರುತ್ತದೆ. ಹಾಗಾಗಿ ಅವನ್ನು ನೇರವಾಗಿ ಗುಜರಿಗೆ ಹಾಕುವಂತಿಲ್ಲ.

1995ರಲ್ಲಿ ಶೆಲ್ ಕಂಪನಿ ಬ್ರೆಂಟ್ ಸ್ಪಾರ್ ಎಂಬ ತೈಲ ಸಂಗ್ರಹಾಗಾರವನ್ನು ಅಟ್ಲಾಂಟಿಕ್‌ನಲ್ಲಿ ಮುಳುಗಿಸಲು ಹೊರಟಾಗ ಗ್ರೀನ್‌ಪೀಸ್ ಎಂಬ ಪರಿಸರ ಸಂಘಟನೆಯ ಕಾರ್ಯಕರ್ತರು ಅದನ್ನೇ ಏರಿ ಕುಳಿತರು. ಯುರೋಪಿನಲ್ಲಿ ಗದ್ದಲವೆದ್ದಿತು, ಕಂಪನಿ ಮಣಿಯಿತು. 1998ರಲ್ಲಿ ಪೋರ್ಚುಗಲ್ಲಿನ ಸಿಂಟ್ರಾದಲ್ಲಿ ಸೇರಿದ ಓಸ್ಪಾರ್ ದೇಶಗಳು, ಅಂದರೆ ಈಶಾನ್ಯ ಅಟ್ಲಾಂಟಿಕ್ ಕಡಲಿನ ರಕ್ಷಣೆಗೆ ಒಪ್ಪಂದ ಮಾಡಿಕೊಂಡ ದೇಶಗಳು, ಕೆಲಸ ಮುಗಿದ ಸ್ಥಾವರಗಳನ್ನು ಸಮುದ್ರಕ್ಕೆ ಎಸೆಯುವುದನ್ನೂ ಅಲ್ಲಿಯೇ ಬಿಡುವುದನ್ನೂ ನಿಷೇಧಿಸಿದವು. ಭಾರೀ ಕಾಂಕ್ರೀಟ್ ರಚನೆಗಳಂಥ ಕೆಲವಕ್ಕೆ ಮಾತ್ರ ವಿನಾಯಿತಿ ಕೇಳಬಹುದಿತ್ತು.

ಫ್ರಿಗ್‌ಗೆ ಆ ವಿನಾಯಿತಿ ಬೇಕಾಯಿತು. ಅಲ್ಲಿ ಸುಮಾರು ನೂರು ಮೀಟರ್ ಆಳದ ತಳದಲ್ಲಿ ಕೂತಿದ್ದ ಮೂರು ಕಾಂಕ್ರೀಟ್ ರಚನೆಗಳನ್ನು ಮತ್ತೆ ತೇಲಿಸಲು ಹೋಗಿ ನಡುವೆ ಒಡೆದರೆ ಕಾರ್ಮಿಕರ ಜೀವಕ್ಕೇ ಸಂಚಕಾರ. ಉಕ್ಕಿನ ಭಾಗಗಳು ದಡ ಸೇರಿದವು, ಕಾಂಕ್ರೀಟ್ ಅಲ್ಲಿಯೇ ಉಳಿಯಿತು. ಆ ತೀರ್ಮಾನ ಸರಿಯೆಂದೇ ನನ್ನ ಎಣಿಕೆ. ಸಿಟ್ಟು ಬರುವುದು, ಕಟ್ಟುವಾಗ ಕೀಳುವ ದಾರಿಯನ್ನು ಯೋಚಿಸದವರ ಮೇಲೆ.

ನಮ್ಮ ದೇಶದಲ್ಲಿ ಕಡಲಾಚೆಯ ಇಂಥ ಕೆಲಸ ಮೊದಲು ನಡೆದದ್ದು ಗುಜರಾತ್ ಕರಾವಳಿಯಾಚೆಯ ತಾಪ್ತಿ ಅನಿಲ ಕ್ಷೇತ್ರದಲ್ಲಿ. 1976ರಿಂದ ತೈಲ ಕೊಡುತ್ತಿರುವ ಬಾಂಬೆ ಹೈನ ಸರದಿಯೂ ಬರಲಿದೆ. ಇಂಥ ಕೆಲಸದ ಖರ್ಚಿಗೆ ಕಂಪನಿಗಳು ಮೊದಲೇ ಹಣ ಎತ್ತಿಡಲೆಂದು 1999ರಿಂದ ಸ್ಥಳ ಪುನಃಸ್ಥಾಪನಾ ನಿಧಿ ಯೋಜನೆಯಿದೆ. ಆ ಠೇವಣಿಗೆ ತೆರಿಗೆ ರಿಯಾಯಿತಿಯೂ ಉಂಟು, ಅಂದರೆ ಒಂದು ಪಾಲನ್ನು ಸರ್ಕಾರದ ಬೊಕ್ಕಸವೇ ಹೊರುತ್ತದೆ.