ಅರೆಬೆಂದ ತಂತ್ರಾಂಶ, ಅಸಲಿ ದುಡ್ಡು: ಮೊದಲು ಪರೀಕ್ಷಿಸಿದವರ ಕತೆ

ಗೆಳೆಯರೇ, ಎಲ್ಲರಿಗೂ ನಮಸ್ಕಾರ.

ಬಿಟ್‌ಕಾಯಿನ್ ಬೆಲೆ ಏರುತ್ತದಾ, ಇಳಿಯುತ್ತದಾ, ಕೊಳ್ಳಬೇಕಾ, ಬೇಡವಾ ಅನ್ನುವುದು ಇವತ್ತಿನ ವಿಷಯವಲ್ಲ. ಬಿಟ್‌ಕಾಯಿನ್‌ನಂಥ, ನಡುವೆ ಬ್ಯಾಂಕ್ ಇಲ್ಲದೆ ಇಂಟರ್ನೆಟ್‌ನಲ್ಲೇ ಹಣ ದಾಟಿಸುವ ತಂತ್ರಾಂಶಗಳು ಇನ್ನೂ ಅರೆಬೆಂದಿದ್ದಾಗ ಅವನ್ನು ಇಳಿಸಿಕೊಂಡು, ಓಡಿಸಿ, ಎಲ್ಲಿ ಕೆಟ್ಟಿತು ಅಂತ ಬರೆದು ಕಳಿಸಿದವರಿದ್ದಾರಲ್ಲ, ಅವರ ಬಗ್ಗೆ ಮಾತಾಡಲು ಬಂದಿದ್ದೇನೆ. ಅವರಿಗೆ ಸಂಬಳ ಇರಲಿಲ್ಲ. ಹೆಚ್ಚಿನವರ ಹೆಸರೂ ನಮಗೆ ಗೊತ್ತಿಲ್ಲ. ಆದರೆ ಅವರು ಕಳಿಸಿದ ವರದಿಗಳಿಲ್ಲದೆ ಈ ತಂತ್ರಾಂಶಗಳಲ್ಲಿ ಒಂದೂ ನೆಟ್ಟಗೆ ನಿಲ್ಲುತ್ತಿರಲಿಲ್ಲ. ನಿಮ್ಮಲ್ಲಿ ಎಷ್ಟೋ ಜನ ಇಂಥ ಕೆಲಸಕ್ಕೆ ಕೈ ಹಾಕಬಲ್ಲಿರಿ. ಹಾಗೆ ಕೈ ಹಾಕುವವರಿಗೆ ಏನೇನು ಗೊತ್ತಿರಬೇಕು ಅನ್ನುವುದನ್ನು ಹೇಳುತ್ತೇನೆ.

2009ರ ಜನವರಿ 8ರಂದು ಸತೋಷಿ ನಕಮೊಟೊ ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರು ಬಿಟ್‌ಕಾಯಿನ್‌ನ 0.1 ಆವೃತ್ತಿಯನ್ನು ಪ್ರಕಟಿಸಿದರು. ಅದು ವಿಂಡೋಸ್‌ನಲ್ಲಿ ಮಾತ್ರ ಓಡುತ್ತಿತ್ತು. ಇದು ಆಲ್ಫಾ, ಪ್ರಯೋಗದ ಹಂತದಲ್ಲಿದೆ, ಅಗತ್ಯ ಬಿದ್ದರೆ ಎಲ್ಲವನ್ನೂ ಮೊದಲಿಂದ ಶುರುಮಾಡಬೇಕಾದೀತು ಅಂತ ಆ ಪ್ರಕಟಣೆಯಲ್ಲೇ ಎಚ್ಚರಿಕೆ ಇತ್ತು. ಓದಿದವರಲ್ಲಿ ಹೆಚ್ಚಿನವರು ಸುಮ್ನೆ ಮುಂದೆ ಹೋದರು. ಕ್ಯಾಲಿಫೋರ್ನಿಯಾದ ಹಾಲ್ ಫಿನ್ನಿ ಹಾಗೆ ಮಾಡಲಿಲ್ಲ. ಇಮೇಲ್ ಗುಟ್ಟಾಗಿ ಕಳಿಸುವ ಪಿಜಿಪಿ ತಂತ್ರಾಂಶದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದ ಪ್ರೋಗ್ರಾಮರ್ ಅವರು. ಇಳಿಸಿಕೊಂಡು ಓಡಿಸಿದರು. ಪ್ರೋಗ್ರಾಂ ಕುಸಿಯಿತು. ಹೇಗೆ ಕುಸಿಯಿತು ಅಂತ ವಿವರವಾಗಿ ಬರೆದು ಕಳಿಸಿದರು. ಸತೋಷಿ ಸರಿಪಡಿಸಿ ಹೊಸದು ಕೊಟ್ಟರು. ಇವರು ಮತ್ತೆ ಓಡಿಸಿದರು. ಜನವರಿ 12ರಂದು ಸತೋಷಿ ಪರೀಕ್ಷೆಗೆ ಅಂತ ಅವರಿಗೆ 10 ನಾಣ್ಯ ಕಳಿಸಿದರು. ಒಬ್ಬರಿಂದ ಇನ್ನೊಬ್ಬರಿಗೆ ಬಿಟ್‌ಕಾಯಿನ್ ಹೋದದ್ದು ಅದೇ ಮೊದಲು.

ಎಲ್ಲರೂ ಆ 10 ನಾಣ್ಯದ ಬಗ್ಗೆಯೇ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆ ಕೆಲವು ದಿನಗಳ ಇಮೇಲ್‌ಗಳು. ಆಗ ತಾನು ಮಾಡಿದ್ದು ಮುಖ್ಯವಾಗಿ ಬಗ್‌ಗಳನ್ನು, ಅಂದರೆ ತಂತ್ರಾಂಶದ ತಪ್ಪುಗಳನ್ನು, ತಿಳಿಸುವ ಕೆಲಸ, ಸತೋಷಿ ಅವನ್ನು ಸರಿಪಡಿಸುತ್ತಿದ್ದರು ಅಂತ ಫಿನ್ನಿಯವರೇ ಮುಂದೆ 2013ರಲ್ಲಿ ಬರೆದರು. ಆ ಹೊತ್ತಿಗೆ ಎಎಲ್‌ಎಸ್ ಎಂಬ ನರಗಳ ಕಾಯಿಲೆ ಅವರ ದೇಹವನ್ನು ಹೆಚ್ಚುಕಡಿಮೆ ಪೂರ್ತಿ ನಿಲ್ಲಿಸಿತ್ತು. 2014ರ ಆಗಸ್ಟ್‌ನಲ್ಲಿ ತೀರಿಕೊಂಡರು. ಈ ಕ್ಷೇತ್ರದ ಮೊದಲ ಸ್ವಯಂಸೇವಕ ಪರೀಕ್ಷಕ ಅಂತ ಒಬ್ಬರನ್ನು ಹೆಸರಿಸಬೇಕಾದರೆ ನಾನು ಅವರನ್ನೇ ಹೆಸರಿಸುತ್ತೇನೆ.

ಮುಂದಿನ ವರ್ಷವೇ ದೊಡ್ಡ ಅಪಾಯ ಬಂತು. 2010ರ ಆಗಸ್ಟ್ 15ರಂದು, 74638ನೇ ಬ್ಲಾಕ್‌ನಲ್ಲಿ (ಒಂದರ ಹಿಂದೊಂದು ಸರಪಳಿಯಂತೆ ಸೇರುವ ವಹಿವಾಟುಗಳ ಕಟ್ಟಿಗೆ ಬ್ಲಾಕ್ ಅನ್ನುತ್ತಾರೆ) ಯಾರೋ 18,446 ಕೋಟಿ ಬಿಟ್‌ಕಾಯಿನ್ ಸೃಷ್ಟಿಸಿಬಿಟ್ಟರು. ಒಟ್ಟು ಬರಬೇಕಾದದ್ದೇ 2.1 ಕೋಟಿ. ಎಡವಟ್ಟು ಕೂಡುವ ಲೆಕ್ಕದಲ್ಲಿತ್ತು. ಎರಡು ವಿಳಾಸಗಳಿಗೆ ತಲಾ 9,223 ಕೋಟಿ ನಾಣ್ಯ ಬರೆದರೆ, ಎರಡರ ಮೊತ್ತ 64 ಬಿಟ್‌ನ ಜಾಗದಲ್ಲಿ ಹಿಡಿಸದೆ ಋಣ ಸಂಖ್ಯೆಯಾಗುತ್ತಿತ್ತು. ಕೊಟ್ಟಿದ್ದಕ್ಕಿಂತ ಜಾಸ್ತಿ ಹೊರಗೆ ಹೋಗುತ್ತಿದೆಯಾ ಅಂತ ತಂತ್ರಾಂಶ ನೋಡುತ್ತಿತ್ತು. ಋಣ ಸಂಖ್ಯೆ ಕಂಡು ಸರಿ ಇದೆ ಅಂದುಕೊಂಡಿತು. ಜೆಫ್ ಗಾರ್ಜಿಕ್ ಎಂಬ ಪ್ರೋಗ್ರಾಮರ್ ಆ ಬ್ಲಾಕ್‌ನ ಮೊತ್ತ ವಿಚಿತ್ರವಾಗಿದೆ ಅಂತ ಎಲ್ಲರಿಗೂ ತಿಳಿಸಿದರು. ಕೆಲವೇ ಗಂಟೆಗಳಲ್ಲಿ ತಿದ್ದುಪಡಿ ಬಂತು. ಆದರೆ ಅದು ಬಂದರೆ ಸಾಕಾ? ಲೋಕದ ಬೇರೆ ಬೇರೆ ಕಡೆ ಇದನ್ನು ಓಡಿಸುತ್ತಿದ್ದವರೆಲ್ಲ ಹೊಸ ಆವೃತ್ತಿ ಹಾಕಿಕೊಳ್ಳಬೇಕಿತ್ತು. ಅವರಿಗೆ ಆಜ್ಞೆ ಮಾಡುವ ಅಧಿಕಾರ ಯಾರಿಗೂ ಇರಲಿಲ್ಲ. ಅವರಾಗೇ ಹಾಕಿಕೊಂಡರು. ಮಾರನೇ ದಿನದ ಹೊತ್ತಿಗೆ ಸರಿಯಾದ ಬ್ಲಾಕ್‌ಗಳ ಸರಪಳಿ ತಪ್ಪು ಸರಪಳಿಗಿಂತ ಮುಂದೆ ಬಂದು, ಆ ಸುಳ್ಳು ನಾಣ್ಯಗಳು ಇಲ್ಲವಾದವು.

ಬೆಲೆಯಿಲ್ಲದ ನಾಣ್ಯಗಳ ಬೇರೆಯೇ ಜಾಲವೊಂದು ಬಂದದ್ದೂ 2010ರಲ್ಲೇ. ಟೆಸ್ಟ್‌ನೆಟ್ ಅನ್ನುತ್ತೇವೆ. ತಂತ್ರಾಂಶ ಅದೇ, ನಿಯಮಗಳೂ ಬಹುತೇಕ ಅವೇ, ನಾಣ್ಯಕ್ಕೆ ಮಾತ್ರ ಬೆಲೆಯಿಲ್ಲ. ಕಳೆದುಕೊಂಡರೆ ಯಾರೂ ಅಳಬೇಕಿಲ್ಲ. ಆದರೂ ಜನ ಆ ನಾಣ್ಯಗಳನ್ನೇ ನಿಜವಾದ ದುಡ್ಡಿಗೆ ಮಾರತೊಡಗಿದರು! ಹಾಗಾಗಿ ಆ ಜಾಲವನ್ನು ಅಳಿಸಿ ಹೊಸದು ಶುರುಮಾಡಬೇಕಾಯಿತು. ಈಗ ನಾಲ್ಕನೆಯ ಟೆಸ್ಟ್‌ನೆಟ್ ಇದೆ. ಇದಲ್ಲದೆ ಸಿಗ್ನೆಟ್ ಅಂತ ಇನ್ನೊಂದಿದೆ. ಹೊಸಬರಿಗೆ ಅದೇ ಒಳ್ಳೆಯದು, ಏಕೆಂದರೆ ಅಲ್ಲಿ ಬ್ಲಾಕ್‌ಗಳು ಅಡ್ಡಾದಿಡ್ಡಿಯಾಗಿ ಬರುವುದಿಲ್ಲ.

ಈಗ ನಾನು ಹೆಚ್ಚು ಹೊತ್ತು ನಿಲ್ಲಬೇಕು ಅಂದುಕೊಂಡಿರುವ ಜಾಗಕ್ಕೆ ಬರುತ್ತೇನೆ. ಅದು ಲೈಟ್ನಿಂಗ್ ಜಾಲ.

ಬಿಟ್‌ಕಾಯಿನ್‌ನಲ್ಲಿ ಬ್ಲಾಕ್ ಬರುವುದು ಸರಾಸರಿ ಹತ್ತು ನಿಮಿಷಕ್ಕೊಮ್ಮೆ. ಒಂದು ಕಾಫಿ ಕೊಳ್ಳಲು ಅಷ್ಟು ಹೊತ್ತು ಕಾಯಲು ಆಗುತ್ತಾ? ಜೋಸೆಫ್ ಪೂನ್ ಮತ್ತು ಥ್ಯಾಡಿಯಸ್ ಡ್ರೈಜಾ 2016ರ ಪ್ರಬಂಧದಲ್ಲಿ ಇದಕ್ಕೆ ಲೈಟ್ನಿಂಗ್ ಎಂಬ ದಾರಿ ವಿವರಿಸಿದರು. ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕದಂತೆ ಇದನ್ನು ನೋಡಬಹುದು. ಇಬ್ಬರು ಸೇರಿ ಮೊದಲು ಒಂದಿಷ್ಟು ಹಣ ಕಟ್ಟಿಡುತ್ತಾರೆ. ಆಮೇಲೆ ಕೊಟ್ಟುಕೊಳ್ಳುವುದೆಲ್ಲ ಪುಸ್ತಕದಲ್ಲಿ ಬರೆಯುತ್ತಾ ಹೋಗುತ್ತಾರೆ. ಕೊನೆಗೆ ಒಂದೇ ಸಲ ಲೆಕ್ಕ ಚುಕ್ತಾ. ಈ ಏರ್ಪಾಡಿಗೆ ಚಾನೆಲ್ ಅನ್ನುತ್ತಾರೆ. ನೇರ ಚಾನೆಲ್ ಇಲ್ಲದವರಿಗೂ ನಡುವಿನವರ ಚಾನೆಲ್‌ಗಳ ಮೂಲಕ ಹಣ ದಾಟಿಸಬಹುದು. ಒಬ್ಬ ಹಳೆಯ ಪುಟ ತೋರಿಸಿ ಮೋಸ ಮಾಡಲು ನೋಡಿದರೆ ಶಿಕ್ಷೆ ಇದೆ: ಚಾನೆಲ್‌ನಲ್ಲಿರುವ ಹಣವೆಲ್ಲ ಇನ್ನೊಬ್ಬನ ಪಾಲು.

2017ರ ಕೊನೆಗೆ ಮೂರು ತಂಡಗಳು ಇದನ್ನು ಬರೆಯುತ್ತಿದ್ದವು. ಬ್ಲಾಕ್‌ಸ್ಟ್ರೀಮ್‌ನ ಸಿ-ಲೈಟ್ನಿಂಗ್, ಲೈಟ್ನಿಂಗ್ ಲ್ಯಾಬ್ಸ್‌ನ ಎಲ್‌ಎನ್‌ಡಿ, ಪ್ಯಾರಿಸ್‌ನ ಅಸಿಂಕ್ ಕಂಪನಿಯ ಎಕ್ಲೇರ್. ಜನ ಟೆಸ್ಟ್‌ನೆಟ್‌ನಲ್ಲಿ ಆಡಿ ನೋಡಲಿ ಅಂತ ಅಸಿಂಕ್‌ನವರು ಸ್ಟಾರ್‌ಬ್ಲಾಕ್ಸ್ ಎಂಬ ಕಾಫಿ ಅಂಗಡಿಯ ಪುಟ ಮಾಡಿದ್ದರು. ಬೆಲೆಯಿಲ್ಲದ ನಾಣ್ಯ ಕೊಟ್ಟು ಇಲ್ಲದ ಕಾಫಿ ಕೊಳ್ಳಬಹುದಿತ್ತು. ಅಸಲಿ ಹಣ ಹಾಕಬೇಡಿ, ಇನ್ನೂ ಸಿದ್ಧವಿಲ್ಲ ಅಂತ ತಂಡಗಳು ಎಚ್ಚರಿಸುತ್ತಲೇ ಇದ್ದವು. ಸ್ವಯಂಸೇವಕರು ಕೇಳಲಿಲ್ಲ. 2018ರ ಜನವರಿಯಲ್ಲೇ ಅಸಲಿ ನಾಣ್ಯ ಹಾಕಿ ಚಾನೆಲ್ ತೆರೆದರು. ತಮಗೆ ತಾವೇ ರೆಕ್‌ಲೆಸ್, ಅಂದರೆ ಹುಂಬರು, ಅಂತ ಹೆಸರಿಟ್ಟುಕೊಂಡರು. ಎಲ್‌ಎನ್‌ಡಿ ಬೀಟಾ, ಅಂದರೆ ಜನರ ಪರೀಕ್ಷೆಗೆ ಬಿಟ್ಟ ಆವೃತ್ತಿ, ಆಗಿ ಬಂದದ್ದು ಆಮೇಲೆ, ಮಾರ್ಚ್ ತಿಂಗಳಲ್ಲಿ.

ಆ ಧೈರ್ಯವನ್ನು ಹೊಗಳುವವರು ಬಹಳ. ನಾನು ಅಷ್ಟು ಹೊಗಳಲಾರೆ. ಅವರಲ್ಲಿ ಕೆಲವರಿಗೆ ಆದದ್ದನ್ನು ಕೇಳಿ. ಕಂಪ್ಯೂಟರ್ ಕೆಟ್ಟರೆ ನಾವೇನು ಮಾಡುತ್ತೇವೆ? ಬ್ಯಾಕಪ್‌ನಿಂದ ಮರಳಿ ತರುತ್ತೇವೆ. ಒಳ್ಳೆಯ ಅಭ್ಯಾಸ, ಅಲ್ವಾ? ಲೈಟ್ನಿಂಗ್‌ನಲ್ಲಿ ಅದೇ ಅಭ್ಯಾಸ ಕೈ ಸುಟ್ಟಿತು. ಬ್ಯಾಕಪ್ ತೆಗೆದ ಮೇಲೆ ಒಂದೇ ಒಂದು ಪಾವತಿ ನಡೆದಿದ್ದರೂ ಆ ಬ್ಯಾಕಪ್ ಹಳೆಯ ಪುಟವಾಗಿಬಿಡುತ್ತದೆ. ಅದನ್ನು ಹಾಕಿ ಚಾನೆಲ್ ಮುಚ್ಚಿದವನ ಮನಸ್ಸಿನಲ್ಲಿ ಮೋಸವಿಲ್ಲ. ಆದರೆ ತಂತ್ರಾಂಶಕ್ಕೆ ಮನಸ್ಸು ಕಾಣುವುದಿಲ್ಲ, ಹಳೆಯ ಪುಟ ಕಾಣುತ್ತದೆ. ಶಿಕ್ಷೆ ಬಿತ್ತು, ಹಣ ಹೋಯಿತು. ಹೀಗೆ ಕಳೆದುಕೊಂಡವರು ಏನಾಯಿತು ಅಂತ ಬರೆದು ತಿಳಿಸಿದರು. 2019ರ ಏಪ್ರಿಲ್‌ನಲ್ಲಿ ಬಂದ ಎಲ್‌ಎನ್‌ಡಿ 0.6 ಆವೃತ್ತಿಯಲ್ಲಿ ಬೇರೆ ಥರದ ಬ್ಯಾಕಪ್ ಇತ್ತು. ಅದು ಲೆಕ್ಕವನ್ನು ಉಳಿಸಿಕೊಳ್ಳುವುದೇ ಇಲ್ಲ. ಯಾರ ಜೊತೆ ಚಾನೆಲ್ ಇತ್ತು ಅನ್ನುವುದನ್ನು ಮಾತ್ರ ಇಟ್ಟುಕೊಂಡು, ಕೊನೆಯ ಲೆಕ್ಕದಂತೆ ನೀವೇ ಮುಚ್ಚಿ ಅಂತ ಎದುರಿನವರನ್ನು ಕೇಳುತ್ತದೆ. ಇವತ್ತು ಈ ಜಾಲದಲ್ಲಿ ನೋಡ್, ಅಂದರೆ ಈ ತಂತ್ರಾಂಶ ಓಡಿಸುವ ಕಂಪ್ಯೂಟರ್, ಇಟ್ಟಿರುವ ಎಷ್ಟೋ ಜನರ ಹಣ ಉಳಿಯುವುದು ಇಂಥ ಬ್ಯಾಕಪ್‌ನಿಂದ. ಕಳೆದುಕೊಂಡವರು ಸುಮ್ಮನಿದ್ದಿದ್ದರೆ ಅವರ ನಷ್ಟದಿಂದ ಯಾರಿಗೂ ಏನೂ ಸಿಗುತ್ತಿರಲಿಲ್ಲ. ಅವರು ಬರೆದದ್ದರಿಂದ ಅದಕ್ಕೊಂದು ಅರ್ಥ ಬಂತು.

ನಷ್ಟಕ್ಕೆ ಒಂದು ಮಿತಿಯೂ ಇತ್ತು, ಅದು ಒಳ್ಳೆಯದಾಯಿತು. ಬಿಟ್‌ಕಾಯಿನ್‌ನ ಚಿಕ್ಕ ತುಂಡಿಗೂ ಸತೋಷಿ ಅಂತಲೇ ಹೆಸರು, 10 ಕೋಟಿ ಸತೋಷಿ ಸೇರಿದರೆ ಒಂದು ಬಿಟ್‌ಕಾಯಿನ್. ಆಗ ಒಂದು ಚಾನೆಲ್‌ನಲ್ಲಿ 1,67,77,215 ಸತೋಷಿಗಿಂತ ಜಾಸ್ತಿ ಇಡಲು ನಿಯಮ ಬಿಡುತ್ತಿರಲಿಲ್ಲ. ಅಂದರೆ ಒಂದು ಬಿಟ್‌ಕಾಯಿನ್‌ನ ಆರನೆಯ ಒಂದು ಭಾಗದಷ್ಟು. ಒಂದು ಸಲ ಕಳಿಸಬಹುದಾದದ್ದು 42,94,967 ಸತೋಷಿ. 2019ರ ಜನವರಿಯಲ್ಲಿ ಈ ಜಾಲದಲ್ಲೊಂದು ಆಟ ಶುರುವಾಯಿತು. ಮೊದಲಿನವರು 1,00,000 ಸತೋಷಿ ಕಳಿಸಿದರು. ಪಡೆದವರು 10,000 ಸೇರಿಸಿ ಇನ್ನೊಬ್ಬರಿಗೆ ದಾಟಿಸಬೇಕು. ಪಂಜು ದಾಟಿಸಿದ ಹಾಗೆ ದೇಶದಿಂದ ದೇಶಕ್ಕೆ ಹೋಯಿತು. ಮೊತ್ತ ದೊಡ್ಡದಾದಷ್ಟೂ ದಾರಿ ಸಿಗದೆ ಪಾವತಿಗಳು ಸೋಲತೊಡಗಿದವು. ಪಡೆಯುವವರು ತಮ್ಮ ಚಾನೆಲ್ ಸರಿಮಾಡಿಕೊಂಡು ಬರಬೇಕಾಯಿತು. ಜಾಲ ಎಷ್ಟು ಭಾರ ಹೊರುತ್ತದೆ ಅಂತ ಯಾವ ಪ್ರಯೋಗಾಲಯವೂ ತೋರಿಸಲಾಗದ್ದನ್ನು ಆ ಆಟ ತೋರಿಸಿತು. ಏಪ್ರಿಲ್‌ನಲ್ಲಿ ಮಿತಿ ಹತ್ತಿರ ಬಂದಾಗ ಆ ಹಣ ವೆನೆಜುವೆಲಾದ ಜನರಿಗೆ ನೆರವಾಗುವ ಒಂದು ಸಂಸ್ಥೆಗೆ ದಾನವಾಯಿತು.

ಇಷ್ಟೆಲ್ಲ ಜನ, ಇಷ್ಟೆಲ್ಲ ತಿಂಗಳು ಪರೀಕ್ಷಿಸಿದ್ದಾರೆ, ಹಾಗಾದರೆ ಗಟ್ಟಿಯಾಗಿದೆ ಅಂದುಕೊಳ್ಳಬಹುದಾ? ಇಲ್ಲ. ಅದೇ 2019ರಲ್ಲಿ ಸಿ-ಲೈಟ್ನಿಂಗ್‌ನ ರಸ್ಟಿ ರಸೆಲ್ ಒಂದು ತೂತು ಕಂಡುಹಿಡಿದರು. ಯಾರೋ ನಿಮ್ಮ ಜೊತೆ ಚಾನೆಲ್ ತೆರೆಯುತ್ತಾರೆ, ಇಷ್ಟು ಹಣ ಕಟ್ಟಿದ್ದೇನೆ ಅನ್ನುತ್ತಾರೆ. ಅವರು ನಿಜವಾಗಿ ಅಷ್ಟು ಕಟ್ಟಿದ್ದಾರಾ ಅಂತ ತಂತ್ರಾಂಶ ನೋಡುತ್ತಲೇ ಇರಲಿಲ್ಲ! ಮೂರೂ ತಂಡಗಳ ತಂತ್ರಾಂಶದಲ್ಲಿ ಈ ತೂತು ಇತ್ತು. ಹಾಗೆ ನೋಡಲೇಬೇಕು ಅಂತ ನಿಯಮಾವಳಿಯಲ್ಲೇ ಬರೆದಿರಲಿಲ್ಲ. ಮೊದಲು ಸದ್ದಿಲ್ಲದೆ ತಿದ್ದಿ, ಜನ ಹೊಸ ಆವೃತ್ತಿ ಹಾಕಿಕೊಳ್ಳಲಿ ಅಂತ ಕಾದು, ಸೆಪ್ಟೆಂಬರ್ 27ರಂದು ವಿವರ ಬಿಚ್ಚಿಟ್ಟರು. ಅಷ್ಟರಲ್ಲಿ ಕೆಲವರು ಅದನ್ನು ಬಳಸಿ ಮೋಸ ಮಾಡಿದ್ದೂ ಬೆಳಕಿಗೆ ಬಂದಿತ್ತು.

ಸಾವಿರಾರು ಸ್ವಯಂಸೇವಕರ ಕಣ್ಣಿಗೆ ಇದು ಯಾಕೆ ಬೀಳಲಿಲ್ಲ? ನನಗೆ ಅನಿಸುವುದು ಇದು: ಅವರೆಲ್ಲ ಒಳ್ಳೆಯವರು. ಕಟ್ಟಿದ್ದೇನೆ ಅಂದರೆ ನಿಜವಾಗಿ ಕಟ್ಟಿರುತ್ತಿದ್ದರು. ದಿನನಿತ್ಯದ ಬಳಕೆಯಲ್ಲಿ ಏನು ಕೆಡುತ್ತದೆ ಅನ್ನುವುದು ಅವರಿಗೆ ಸಿಕ್ಕಿತು, ಸುಳ್ಳು ಹೇಳಿದರೆ ಏನಾಗುತ್ತದೆ ಅನ್ನುವುದು ಸಿಗಲಿಲ್ಲ. ಹಾಗಾಗಿ ನೀವು ಪರೀಕ್ಷೆಗೆ ಕೂತಾಗ ಸ್ವಲ್ಪ ಹೊತ್ತು ಕಳ್ಳನ ಹಾಗೆ ಯೋಚಿಸಿ. ಟೆಸ್ಟ್‌ನೆಟ್‌ನಲ್ಲಿ, ಸಿಗ್ನೆಟ್‌ನಲ್ಲಿ, ನಿಮ್ಮದೇ ಎರಡು ನೋಡ್‌ಗಳ ನಡುವೆ. ಪಾವತಿಯ ಮಧ್ಯದಲ್ಲಿ ವೈಫೈ ಆರಿಸಿ. ಒಂದೇ ಬಿಲ್‌ಗೆ ಎರಡು ಸಲ ಕಟ್ಟಲು ನೋಡಿ. ಫೋನಿನ ಗಡಿಯಾರ ಹಿಂದಕ್ಕೆ ತಿರುಗಿಸಿ. ಹಣ ಕದಿಯಬಹುದಾದ ತೂತು ಸಿಕ್ಕರೆ ಮಾತ್ರ ಎಲ್ಲರೆದುರು ಹೇಳಬೇಡಿ. ಹೆಚ್ಚಿನ ಯೋಜನೆಗಳು ಅದಕ್ಕಾಗಿಯೇ ಒಂದು ಗುಟ್ಟಿನ ಇಮೇಲ್ ವಿಳಾಸ ಕೊಟ್ಟಿರುತ್ತವೆ.

ನಮ್ಮ ಊರಿನ ಒಂದು ಮಾತು. 2022ರ ಡಿಸೆಂಬರ್ 1ರಂದು ರಿಸರ್ವ್ ಬ್ಯಾಂಕ್ ಜನಸಾಮಾನ್ಯರ ಡಿಜಿಟಲ್ ರೂಪಾಯಿಯ ಪ್ರಯೋಗ ಶುರುಮಾಡಿದಾಗ ಆರಿಸಿದ ಮೊದಲ ನಾಲ್ಕು ನಗರಗಳಲ್ಲಿ ಬೆಂಗಳೂರೂ ಇತ್ತು. ಅದು ಕ್ರಿಪ್ಟೋ ಅಲ್ಲ. ಆಯ್ದ ಗ್ರಾಹಕರು, ಆಯ್ದ ಅಂಗಡಿಗಳು, ಹಿಂದೆ ಬ್ಯಾಂಕುಗಳು. ಏನಾದರೂ ತಪ್ಪಿದರೆ ಹೋಗಿ ಕೇಳಲು ಒಂದು ಕೌಂಟರ್ ಇತ್ತು. ನಾನು ಇಷ್ಟು ಹೊತ್ತು ಹೇಳಿದ ತಂತ್ರಾಂಶಗಳಿಗೆ ಅಂಥ ಕೌಂಟರ್ ಇಲ್ಲ. ಹಣ ಹೋದರೆ ಹೋಯಿತು. ಅದಕ್ಕೇ ಹೇಳುವುದು, ಅಸಲಿ ನಾಣ್ಯ ಹಾಕಲೇಬೇಕೆಂದರೆ ಕಳೆದುಹೋದರೂ ಮನೆಯಲ್ಲಿ ಯಾರಿಗೂ ಗೊತ್ತಾಗದಷ್ಟೇ ಹಾಕಿ.

ಇನ್ನೊಂದು ಮಾತನ್ನು ದಯವಿಟ್ಟು ಮನೆಯವರಿಗೂ ಹೇಳಿ. ‘ನಮ್ಮ ಹೊಸ ಆಪ್ ಪರೀಕ್ಷಿಸಿ, ಮೊದಲು ಇಷ್ಟು ಹಣ ಹಾಕಿ, ದಿನಾ ಕಮಿಷನ್ ಬರುತ್ತದೆ’ ಅಂತ ಯಾರಾದರೂ ಮೆಸೇಜ್ ಕಳಿಸಿದರೆ ಅದು ಪರೀಕ್ಷೆಯಲ್ಲ, ಬಲೆ. ನಿಜವಾದ ಯೋಜನೆ ಪರೀಕ್ಷಕರಿಂದ ಹಣ ಕೇಳುವುದಿಲ್ಲ. ನಾಣ್ಯ ನೋಡಿಕೊಳ್ಳುವ ಆಪ್‌ಗೆ ವ್ಯಾಲೆಟ್ ಅನ್ನುತ್ತಾರೆ, ಅದರ ಬೀಗದ ಕೈಯಂಥ 12 ಅಥವಾ 24 ಪದಗಳನ್ನು ಯಾವ ಕಾರಣಕ್ಕೂ ಕೇಳುವುದಿಲ್ಲ. ಮೋಸ ಹೋದರೆ ನಾಚಿಕೊಂಡು ಕೂರದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಈಗ ನಿಮ್ಮಿಂದಲೇ ಆಗಬಹುದಾದ ಒಂದು ಕೆಲಸ. ಲೈಟ್ನಿಂಗ್ ಬಿಲ್‌ನಲ್ಲಿ ‘ಯಾತಕ್ಕೆ ಹಣ’ ಅಂತ ಬರೆಯಲು ಒಂದು ಜಾಗ ಇದೆ. ಅದರಲ್ಲಿ ಹಿಡಿಸುವುದು 639 ಬೈಟ್. ಇಂಗ್ಲಿಷ್‌ನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ‘ಕ’ ಬರೆದರೆ ಮೂರು ಬೈಟ್. ‘ಶ್ರೀ’ ಬರೆದರೆ ಹನ್ನೆರಡು, ಏಕೆಂದರೆ ಕಂಪ್ಯೂಟರ್‌ಗೆ ಅದು ಶ, ಅರ್ಧಾಕ್ಷರದ ಗುರುತು (್), ರ, ಈಕಾರದ ಗುರುತು ಅಂತ ನಾಲ್ಕು ತುಂಡು. ಆಪ್ ಬರೆದವರು ಬೈಟ್ ಲೆಕ್ಕ ಹಾಕಿ ಸಾಲನ್ನು ಕತ್ತರಿಸಿದರೆ ಒತ್ತಕ್ಷರದ ನಡುವೆಯೇ ಕತ್ತರಿ ಬೀಳಬಹುದು. ಲೈಟ್ನಿಂಗ್ ನಿಯಮಾವಳಿಯ ಉದಾಹರಣೆಗಳಲ್ಲಿ ಜಪಾನಿ ಲಿಪಿಯ ಬಿಲ್ ಒಂದಿದೆ. ಯಾರೋ ತಮ್ಮ ಭಾಷೆಯಲ್ಲಿ ಇದು ನಡೆಯುತ್ತದಾ ಅಂತ ಯೋಚಿಸಿದ್ದರಿಂದಲೇ ಅದು ಅಲ್ಲಿದೆ. ಕನ್ನಡಕ್ಕಾಗಿ ಆ ಯೋಚನೆ ಮಾಡಬೇಕಾದವರು ನಾವು.

ಸಿಗ್ನೆಟ್‌ನಲ್ಲಿ ಓಡುವ ಒಂದು ವ್ಯಾಲೆಟ್ ಹಾಕಿಕೊಳ್ಳಿ. ಒತ್ತಕ್ಷರ ತುಂಬಿದ ಉದ್ದ ಸಾಲಿನ ಒಂದು ಬಿಲ್ ಮಾಡಿ. ಅದನ್ನು ಬೇರೆ ತಂಡದ ವ್ಯಾಲೆಟ್‌ನಲ್ಲಿ ತೆರೆದು ನೋಡಿ. ಅಕ್ಷರ ಒಡೆದರೆ ವ್ಯಾಲೆಟ್‌ನ ಆವೃತ್ತಿ, ಫೋನಿನ ಆವೃತ್ತಿ, ನೀವು ಬರೆದ ಸಾಲು, ಪರದೆಯ ಚಿತ್ರ, ಏನು ಕಾಣಬೇಕಿತ್ತು, ಏನು ಕಂಡಿತು, ಇಷ್ಟನ್ನೂ ಬರೆದು ಕಳಿಸಿ. ಇನ್ನೊಬ್ಬರು ಅದನ್ನು ಓದಿ ಹಾಗೇ ಮಾಡಿದಾಗ ಅವರಿಗೂ ಅದೇ ಕಾಣುವಂತಿರಬೇಕು. ಯಾರಿಗಾದರೂ ವ್ಯಾಲೆಟ್ ಹಾಕಿಕೊಳ್ಳಲು ತೊಂದರೆಯಾದರೆ ಇಲ್ಲೇ ಇರುತ್ತೇನೆ, ಫೋನ್ ತೆಗೆದುಕೊಂಡು ಬನ್ನಿ.