ಮೂರು ಗಂಟೆಯ ಆಟ, ಹತ್ತು ನಿಮಿಷದ ವಿಡಿಯೊ

ಕೇಳುಗರೆಲ್ಲರಿಗೂ ನಮಸ್ಕಾರ.

ರಾಜಾಜಿನಗರದಲ್ಲಿರುವ ನನ್ನ ಅಕ್ಕನ ಮಗ ಕಳೆದ ಬೇಸಿಗೆ ರಜೆಯಲ್ಲಿ, ತಾನು ಕಂಪ್ಯೂಟರಿನಲ್ಲಿ ಆಡುವ ಆಟಗಳನ್ನು ರೆಕಾರ್ಡ್ ಮಾಡಿ, ಅವಕ್ಕೆ ಕನ್ನಡದ ಮಾತು ಸೇರಿಸಿ ಯೂಟ್ಯೂಬಿನಲ್ಲಿ ಹಾಕಬೇಕೆಂದು ಹೊರಟ. "ಮಾಮ, ಎಡಿಟ್ ಮಾಡೋಕೆ ಯಾವ ಸಾಫ್ಟ್‌ವೇರ್ ಒಳ್ಳೇದು?" ಎಂದು ಕೇಳಿದ. ಮದುವೆ, ಉಪನಯನ, ಗೃಹಪ್ರವೇಶಗಳ ವಿಡಿಯೊಗಳನ್ನು ಬಹಳ ವರ್ಷ ಸಂಕಲನ ಮಾಡಿದ ನನಗೆ ಉತ್ತರ ಗೊತ್ತಿದೆಯೆಂದೇ ಭಾವಿಸಿದ್ದೆ. ಗೊತ್ತಿರಲಿಲ್ಲ.

ಮದುವೆಯ ವಿಡಿಯೊದಲ್ಲಿ ಅರ್ಧ ಆಯ್ಕೆಯನ್ನು ಕ್ಯಾಮೆರಾ ಹಿಡಿದವನೇ ಮಾಡಿ ಮುಗಿಸಿರುತ್ತಾನೆ. ಧಾರೆ, ಮಾಂಗಲ್ಯಧಾರಣೆ, ಸಪ್ತಪದಿ ಎಂಬ ಕ್ರಮವೂ ಮೊದಲೇ ಸಿದ್ಧವಾಗಿರುತ್ತದೆ. ಆಟದ ರೆಕಾರ್ಡಿಂಗಿನಲ್ಲಾದರೋ ಗುಂಡಿ ಒತ್ತಿದ ಕ್ಷಣದಿಂದ ನಿಲ್ಲಿಸುವ ಕ್ಷಣದವರೆಗೆ ಎಲ್ಲವೂ ಬಂದು ಕೂರುತ್ತದೆ: ದಾರಿ ತಪ್ಪಿ ಅಲೆದ ಇಪ್ಪತ್ತು ನಿಮಿಷ, ಒಬ್ಬನೇ ಎದುರಾಳಿಯ ಕೈಯಲ್ಲಿ ಹತ್ತು ಸಲ ಸೋತದ್ದು, ನಡುವೆ ಅಮ್ಮ ಊಟಕ್ಕೆ ಕರೆದದ್ದು. ಮೂರು ಗಂಟೆಯ ಆ ರಾಶಿಯಿಂದ ನೋಡುವವರಿಗೆ ಬೇಕಾದ ಹತ್ತು ನಿಮಿಷವನ್ನು ಹೆಕ್ಕುವುದೆಂದರೆ ಮೊರದಲ್ಲಿಟ್ಟು ಕೇರುವ ಕೆಲಸ. ಆದ್ದರಿಂದ ಜಾಹೀರಾತುಗಳಲ್ಲಿ ಮಿಂಚುವ ಚಿತ್ರಚಮತ್ಕಾರಗಳು ಇಲ್ಲಿ ಎರಡನೆಯ ಮಾತು; ಜೊಳ್ಳನ್ನು ಎಷ್ಟು ಬೇಗ ಹಾರಿಸಬಹುದು ಎಂಬುದೇ ತಂತ್ರಾಂಶವನ್ನು ಆರಿಸುವಾಗ ನೋಡಬೇಕಾದ ಮೊದಲ ಮಾತು.

ಇದನ್ನು ಪರೀಕ್ಷಿಸುವುದು ಸುಲಭ. ಕೀಲಿಮಣೆಯ ಜೆ, ಕೆ, ಎಲ್ ಎಂಬ ಮೂರು ಕೀಲಿಗಳಿಂದ ವಿಡಿಯೊವನ್ನು ಹಿಂದಕ್ಕೆ ಓಡಿಸಲು, ನಿಲ್ಲಿಸಲು, ಮುಂದಕ್ಕೆ ಓಡಿಸಲು ಆಗಬೇಕು; ಎಲ್ ಕೀಲಿಯನ್ನು ಮತ್ತೊಮ್ಮೆ ಒತ್ತಿದರೆ ವೇಗ ಹೆಚ್ಚಬೇಕು. ನಡುವಿನ ಒಂದು ತುಂಡನ್ನು ಅಳಿಸಿದಾಗ ನಂತರದ ಭಾಗವೆಲ್ಲ ತಾನಾಗಿ ಸರಿದು ಬಂದು ಆ ಖಾಲಿ ಜಾಗವನ್ನು ಮುಚ್ಚಬೇಕು. ಇದಕ್ಕೆ ರಿಪಲ್ ಡಿಲೀಟ್ ಎನ್ನುತ್ತಾರೆ. ಧ್ವನಿಯ ಏರಿಳಿತ, ತುಣುಕುಗಳನ್ನು ಸಾಲಾಗಿ ಜೋಡಿಸುವ ಪಟ್ಟಿಯಾದ ಟೈಮ್‌ಲೈನಿನಲ್ಲಿ ಅಲೆಗಳಾಗಿ ಸ್ಪಷ್ಟವಾಗಿ ಕಾಣಬೇಕು. ಆಡುತ್ತಿರುವಾಗ ಒಳ್ಳೆಯ ಘಟನೆಯೊಂದು ನಡೆದೊಡನೆ ಮೈಕಿನ ಹತ್ತಿರ ಎರಡು ಚಪ್ಪಾಳೆ ಹೊಡೆಯುವಂತೆ ನನ್ನ ಸೋದರಳಿಯನಿಗೆ ಹೇಳಿಕೊಟ್ಟಿದ್ದೇನೆ. ಆಮೇಲೆ ಆ ಅಲೆಗಳ ಸಾಲಿನಲ್ಲಿ ಜೋಡಿ ಮುಳ್ಳುಗಳಂತೆ ಎದ್ದು ನಿಂತದ್ದನ್ನು ಹುಡುಕಿದರೆ ಸಾಕು, ಮೂರು ಗಂಟೆಯನ್ನು ಮತ್ತೆ ಕೂತು ನೋಡಬೇಕಿಲ್ಲ.

ಆದರೆ ಸಂಕಲನದ ತಂತ್ರಾಂಶವನ್ನು ಆರಿಸುವ ಮೊದಲು, ಅದರ ಮುಂದೆ ನಾವು ಇಡುವ ಫೈಲು ಎಂಥದು ಎಂದು ನೋಡಬೇಕು. ಹೊಸಬರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ರೆಕಾರ್ಡಿಂಗಿಗೆ ಬಹಳ ಮಂದಿ ಬಳಸುವುದು ಓಬಿಎಸ್ ಸ್ಟುಡಿಯೊ ಎಂಬ ಉಚಿತ, ಮುಕ್ತ ತಂತ್ರಾಂಶವನ್ನು. ನನ್ನ ಸೋದರಳಿಯ ಅದರಲ್ಲಿ ಸಾಮಾನ್ಯ ಎಂಪಿ4 ಮಾದರಿಯನ್ನು ಆರಿಸಿ ಎರಡೂವರೆ ಗಂಟೆ ಆಡಿದ್ದ. ಮಳೆ ಶುರುವಾಗಿ ಕರೆಂಟು ಹೋಯಿತು, ಮನೆಯಲ್ಲಿ ಯುಪಿಎಸ್ ಇರಲಿಲ್ಲ, ಫೈಲು ತೆರೆಯಲೇ ಇಲ್ಲ. ಎಂಪಿ4 ಫೈಲಿನಲ್ಲಿ ಯಾವ ಚಿತ್ರ ಎಲ್ಲಿದೆ ಎಂಬ ಪರಿವಿಡಿಯನ್ನು ಸಾಮಾನ್ಯವಾಗಿ ರೆಕಾರ್ಡಿಂಗ್ ಮುಗಿಯುವಾಗ ಬರೆಯಲಾಗುತ್ತದೆ. ಪರಿವಿಡಿ ಬರೆಯುವ ಮೊದಲೇ ಯಂತ್ರ ನಿಂತರೆ ಒಳಗಿನದು ಇದ್ದೂ ಇಲ್ಲದಂತೆ. ಎಂಕೆವಿ ಮಾದರಿಯಲ್ಲಿ ಈ ತೊಂದರೆಯಿಲ್ಲ, ಕರೆಂಟು ಹೋಗುವವರೆಗಿನ ಭಾಗ ಉಳಿದುಕೊಳ್ಳುತ್ತದೆ. ಕೆಲವು ಸಂಕಲನ ತಂತ್ರಾಂಶಗಳು ಎಂಕೆವಿಯನ್ನು ತೆರೆಯುವುದಿಲ್ಲವೆಂಬುದು ನಿಜ. ಆದರೆ ಓಬಿಎಸ್‌ನ ಫೈಲ್ ಮೆನುವಿನಲ್ಲಿರುವ ರೀಮಕ್ಸ್ ಎಂಬ ಆಯ್ಕೆ, ಗುಣಮಟ್ಟ ಒಂದಿಷ್ಟೂ ಕುಂದದಂತೆ ಅದನ್ನು ಸ್ವಲ್ಪ ಹೊತ್ತಿನಲ್ಲೇ ಎಂಪಿ4 ಮಾಡಿಕೊಡುತ್ತದೆ. ಈಚಿನ ಆವೃತ್ತಿಗಳಲ್ಲಿ ಹೈಬ್ರಿಡ್ ಎಂಪಿ4 ಎಂಬ ಮಾದರಿಯೂ ಸೇರಿದ್ದು, ಅದೂ ಇಂಥ ಆಘಾತವನ್ನು ತಡೆದುಕೊಳ್ಳುತ್ತದೆ. ನಮ್ಮ ಊರಿನ ಮುಂಗಾರಿನಲ್ಲಿ ಇದು ಸಣ್ಣ ವಿಷಯವಲ್ಲ.

ಫೋನಿನಲ್ಲಿ ಆಡಿ ಫೋನಿನಲ್ಲೇ ರೆಕಾರ್ಡ್ ಮಾಡುವವರ ತೊಂದರೆ ಬೇರೆ. ಫೋನುಗಳು ಸೆಕೆಂಡಿಗೆ ಇಂತಿಷ್ಟೇ ಚಿತ್ರಗಳೆಂದು ಕಟ್ಟುನಿಟ್ಟಾಗಿ ದಾಖಲಿಸದೆ, ಪರದೆಯ ಮೇಲಿನ ಚಲನೆ ಮತ್ತು ಯಂತ್ರದ ಮೇಲಿನ ಭಾರಕ್ಕೆ ತಕ್ಕಂತೆ ಹೆಚ್ಚುಕಡಿಮೆ ಮಾಡುತ್ತವೆ. ಸಂಕಲನ ತಂತ್ರಾಂಶವು ಲೆಕ್ಕ ಸಮವಾಗಿದೆ ಎಂದು ನಂಬಿ ನಡೆದರೆ, ಆರಂಭದಲ್ಲಿ ಸರಿಯಾಗಿದ್ದ ಮಾತು ಅರ್ಧ ಗಂಟೆಯ ಹೊತ್ತಿಗೆ ಚಿತ್ರದಿಂದ ಹಿಂದೆಯೋ ಮುಂದೆಯೋ ಬಿದ್ದಿರುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಸ್ಥಿರ ಫ್ರೇಮ್ ದರವನ್ನು ಆರಿಸಿ ಫೈಲನ್ನು ಮೊದಲೇ ಪರಿವರ್ತಿಸಿಕೊಂಡರೆ ಇದು ತಪ್ಪುತ್ತದೆ. ಶಾಟ್‌ಕಟ್ ಮತ್ತು ಕೆಡೆನ್‌ಲೈವ್ ಎಂಬ ಎರಡು ಉಚಿತ ಸಂಕಲನ ತಂತ್ರಾಂಶಗಳು ಇಂಥ ಫೈಲನ್ನು ತಾವೇ ಗುರುತಿಸಿ, ಪರಿವರ್ತಿಸೋಣವೇ ಎಂದು ಕೇಳುತ್ತವೆ. ಆ ಒಂದು ಸೌಜನ್ಯಕ್ಕಾಗಿಯೇ, ಫೋನಿನಿಂದ ಶುರುಮಾಡುವವರಿಗೆ ನಾನು ಶಾಟ್‌ಕಟ್ ಅನ್ನು ಮೊದಲು ಹೇಳುತ್ತೇನೆ.

ಇನ್ನು ಧ್ವನಿ. ಆಟದ ಸದ್ದು, ಆಡುವವರ ಮಾತು, ಜೊತೆಗಾರರ ಮಾತು, ಇವು ಮೂರೂ ಒಂದೇ ಟ್ರ್ಯಾಕಿನಲ್ಲಿ ಕಲಸಿಹೋದರೆ ಆಮೇಲೆ ಬೇರ್ಪಡಿಸುವುದು ಹುಳಿಯಿಂದ ಉಪ್ಪು ತೆಗೆದಂತೆ. ಓಬಿಎಸ್‌ನಲ್ಲಿ ಆರು ಧ್ವನಿ ಟ್ರ್ಯಾಕುಗಳವರೆಗೆ ಬೇರೆಬೇರೆಯಾಗಿ ದಾಖಲಿಸಬಹುದು. ಹಾಗೆ ದಾಖಲಿಸಿದ್ದನ್ನು ಸಂಕಲನ ತಂತ್ರಾಂಶವು ಅಷ್ಟೂ ಟ್ರ್ಯಾಕುಗಳಾಗಿ ತೆರೆದು ತೋರಿಸುತ್ತದೆಯೇ, ಅಥವಾ ಮೊದಲನೆಯದೊಂದನ್ನೇ ಇಟ್ಟುಕೊಂಡು ಉಳಿದವನ್ನು ಬಿಟ್ಟುಬಿಡುತ್ತದೆಯೇ ಎಂದು ಪರೀಕ್ಷಿಸದೆ ಯಾವುದನ್ನೂ ಒಪ್ಪಬಾರದು.

ನಂತರದ್ದು ನಮ್ಮ ಕಂಪ್ಯೂಟರಿನ ಶಕ್ತಿ. ಆಟ ಸರಾಗವಾಗಿ ಓಡುವ ಯಂತ್ರದಲ್ಲಿ ಸಂಕಲನವೂ ಸರಾಗವಾಗಿ ನಡೆಯಬೇಕಲ್ಲವೇ ಎಂದು ಕೇಳುವವರಿದ್ದಾರೆ. ಹಾಗೇನೂ ಇಲ್ಲ. ಎಚ್.264 ಎಂಬ, 2003ರಲ್ಲಿ ರೂಪುಗೊಂಡು ಇಂದಿಗೂ ಬಳಕೆಯಲ್ಲಿರುವ, ವಿಡಿಯೊ ಕುಗ್ಗಿಸುವ ವಿಧಾನದಲ್ಲಿ, ಆಗೊಮ್ಮೆ ಈಗೊಮ್ಮೆ ಒಂದು ಪೂರ್ಣ ಚಿತ್ರವನ್ನಿಟ್ಟು, ನಡುವೆ ಬರುವ ಚಿತ್ರಗಳಿಗೆ ಏನು ಬದಲಾಯಿತೆಂಬುದನ್ನಷ್ಟೇ ಬರೆದಿಡಲಾಗುತ್ತದೆ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಜಮೆ ಖರ್ಚುಗಳನ್ನು ಮಾತ್ರ ನಮೂದಿಸಿ, ಶಿಲ್ಕನ್ನು ಪುಟಕ್ಕೊಂದು ಸಲವಷ್ಟೇ ಬರೆದರೆ ಹೇಗೋ ಹಾಗೆ. ನಡುವಿನ ಒಂದು ದಿನದ ಶಿಲ್ಕು ಬೇಕೆಂದರೆ ಪುಟದ ತಲೆಯಿಂದ ಕೂಡಿ ಕಳೆದು ಬರಬೇಕು. ಹಿಂದಕ್ಕೆ ಮುಂದಕ್ಕೆ ಜಿಗಿಯುತ್ತಾ ಕತ್ತರಿಸುವಾಗ ಯಂತ್ರ ಏದುಸಿರು ಬಿಡುವುದು ಈ ಲೆಕ್ಕದಿಂದಾಗಿಯೇ. ಇದಕ್ಕೆ ಪರಿಹಾರ ಪ್ರಾಕ್ಸಿ: ಮೂಲ ಫೈಲಿನ ಬದಲು ಅದರದೇ ಹಗುರವಾದ ಪ್ರತಿಯೊಂದನ್ನಿಟ್ಟು ಕತ್ತರಿಸುವುದು, ಕೊನೆಯಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ, ಅಂದರೆ ಮುಗಿದ ವಿಡಿಯೊವನ್ನು ಫೈಲಾಗಿ ಹೊರತೆಗೆಯುವಾಗ, ಮೂಲವನ್ನೇ ಬಳಸುವುದು. ಶಾಟ್‌ಕಟ್, ಕೆಡೆನ್‌ಲೈವ್, ಡಾವಿಂಚಿ ರಿಸಾಲ್ವ್, ಅಡೋಬಿ ಪ್ರೀಮಿಯರ್ ಇವೆಲ್ಲವುಗಳಲ್ಲೂ ಈ ಸೌಲಭ್ಯವಿದೆ. ಎಸ್.ಪಿ. ರೋಡಿಗೆ ಹೋಗಿ ಹೊಸ ಗ್ರಾಫಿಕ್ಸ್ ಕಾರ್ಡು ತರುವ ಮೊದಲು ಪ್ರಾಕ್ಸಿಯನ್ನು ಒಮ್ಮೆ ಬಳಸಿ ನೋಡಬೇಕು. ಹಣ ಖರ್ಚು ಮಾಡಲೇಬೇಕೆಂದಿದ್ದರೆ ಡಿಸ್ಕಿಗೆ ಮಾಡುವುದು ಮೇಲು: ಸೆಕೆಂಡಿಗೆ 20 ಮೆಗಾಬಿಟ್ ದರದಲ್ಲಿ ದಾಖಲಿಸಿದರೆ ಒಂದು ಗಂಟೆಯ ಆಟಕ್ಕೆ ಸುಮಾರು 9 ಜಿಬಿ ಬೇಕಾಗುತ್ತದೆ.

ತಂತ್ರಾಂಶಗಳ ಪೈಕಿ ಡಾವಿಂಚಿ ರಿಸಾಲ್ವ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಚಲನಚಿತ್ರಗಳ ಬಣ್ಣ ತಿದ್ದುವುದಕ್ಕಾಗಿ ಹುಟ್ಟಿದ ಇದನ್ನು ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಸಂಸ್ಥೆ 2009ರಲ್ಲಿ ಕೊಂಡು, ಬರಬರುತ್ತಾ ಪೂರ್ಣ ಪ್ರಮಾಣದ ಸಂಕಲನ ತಂತ್ರಾಂಶವಾಗಿ ಬೆಳೆಸಿತು. ಉಚಿತ ಆವೃತ್ತಿಯೇ ಅಲ್ಟ್ರಾ ಎಚ್‌ಡಿ ಗಾತ್ರದವರೆಗೆ, ಸೆಕೆಂಡಿಗೆ 60 ಚಿತ್ರಗಳವರೆಗೆ, ವಾಟರ್‌ಮಾರ್ಕ್ ಎಂಬ ಕಂಪನಿಯ ಮುದ್ರೆ ಇಲ್ಲದೆ ವಿಡಿಯೊ ಕೊಡುತ್ತದೆ. ಆಟದ ವಿಡಿಯೊಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಧ್ವನಿಯನ್ನು ಹದಗೊಳಿಸುವ ಫೇರ್‌ಲೈಟ್ ವಿಭಾಗವಂತೂ ಬಹಳ ಸಮರ್ಥವಾಗಿದೆ. ಆದರೆ ಅದು ಭಾರದ ತಂತ್ರಾಂಶ: 16 ಜಿಬಿ ರ‍್ಯಾಮ್ ಇಲ್ಲದಿದ್ದರೆ ಅದರ ಗೊಡವೆಗೆ ಹೋಗದಿರುವುದೇ ಲೇಸು. ಲಿನಕ್ಸ್ ಬಳಸುವವರಿಗೆ ಇನ್ನೊಂದು ತೊಡಕಿದೆ. ಅಲ್ಲಿ ಉಚಿತ ಆವೃತ್ತಿ ಎಚ್.264 ವಿಡಿಯೊವನ್ನೇ ತೆರೆಯುವುದಿಲ್ಲ. ಆಟ 60 ಚಿತ್ರಗಳ ದರದಲ್ಲಿ ದಾಖಲಾಗಿದ್ದರೆ, ಮೊದಲ ತುಣುಕನ್ನು ಹಾಕುವಾಗ ಪ್ರಾಜೆಕ್ಟಿನ ದರವನ್ನು ಬದಲಿಸಲೇ ಎಂದು ರಿಸಾಲ್ವ್ ಕೇಳುತ್ತದೆ, ಆಗ ಒಪ್ಪಿಕೊಳ್ಳಬೇಕು. ಅವಸರದಲ್ಲಿ ಬೇಡವೆಂದರೆ ಆಟದ ನಯವಾದ ಚಲನೆ ಕುಂಟತೊಡಗುತ್ತದೆ, ಆಮೇಲೆ ಆ ದರವನ್ನು ತಿದ್ದುವುದು ಸುಲಭವಲ್ಲ.

ಪ್ರೀಮಿಯರ್ ಒಳ್ಳೆಯದೇ, ಆದರೆ ಚಂದಾ ಕಟ್ಟುತ್ತಲೇ ಇರಬೇಕು. ಸಂಪಾದನೆ ಶುರುವಾಗದ ಹುಡುಗರಿಗೆ ನಾನದನ್ನು ಹೇಳುವುದಿಲ್ಲ. ಉಚಿತವೆಂದು ಹೇಳಿಕೊಂಡು ಕೊನೆಯಲ್ಲಿ ಕೈಕೊಡುವವುಗಳ ಬಗ್ಗೆಯೂ ಎಚ್ಚರಿಕೆ ಬೇಕು. ನಾನೇ ಒಮ್ಮೆ ಅಂಥದೊಂದು ತಂತ್ರಾಂಶದಲ್ಲಿ ನಾಲ್ಕು ಸಂಜೆ ಕೂತು ಕೆಲಸ ಮುಗಿಸಿ ಎಕ್ಸ್‌ಪೋರ್ಟ್ ಗುಂಡಿ ಒತ್ತಿದಾಗ, ವಿಡಿಯೊದ ನಟ್ಟನಡುವೆ ಆ ಕಂಪನಿಯ ಹೆಸರು ದೇವಸ್ಥಾನದ ಟ್ಯೂಬ್‌ಲೈಟಿನ ಮೇಲಿನ ದಾನಿಯ ಹೆಸರಿನಂತೆ ಮೂಡಿತ್ತು. ಮೊದಲ ದಿನವೇ ಒಂದು ನಿಮಿಷದ ವಿಡಿಯೊವನ್ನು ಎಕ್ಸ್‌ಪೋರ್ಟ್ ಮಾಡಿ ನೋಡಿದ್ದರೆ ಆ ನಾಲ್ಕು ಸಂಜೆ ಉಳಿಯುತ್ತಿತ್ತು.

ಕನ್ನಡದಲ್ಲಿ ಶೀರ್ಷಿಕೆ ಹಾಕುವವರಿಗೆ ಕಡೆಯದಾಗಿ ಒಂದು ಪರೀಕ್ಷೆಯಿದೆ. ಕೆಲವು ತಂತ್ರಾಂಶಗಳಲ್ಲಿ ಒತ್ತಕ್ಷರಗಳು ಕೆಳಗೆ ಕೂರದೆ ಸಾಲಾಗಿ ಬಿಡಿಬಿಡಿಯಾಗಿ ನಿಲ್ಲುತ್ತವೆ. ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪು ಮಾಡಿ ಅಂಟಿಸಿದರೆ ಗೀಚಿದಂತೆ ಏನೋ ಕಾಣುತ್ತದೆ. ಹಾಗಾಗಿ ಯೂನಿಕೋಡಿನಲ್ಲೇ ಬರೆದು, ನೋಟೊ ಸಾನ್ಸ್ ಕನ್ನಡದಂಥ ಫಾಂಟನ್ನು ಆರಿಸಬೇಕು. ಪ್ರೀಮಿಯರಿನಲ್ಲಾದರೆ ಗ್ರಾಫಿಕ್ಸ್ ಆದ್ಯತೆಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆಯನ್ನು ಹಾಕಿಕೊಳ್ಳಬೇಕು. ನಾನು ಯಾವ ತಂತ್ರಾಂಶವನ್ನು ತೆರೆದರೂ ಮೊದಲು ಟೈಪು ಮಾಡುವ ಪದ 'ಶಸ್ತ್ರಾಸ್ತ್ರ'. ಗುಂಡು ಹಾರಿಸುವ ಆಟಗಳಿಗೆ ಹೇಗೂ ಬೇಕಾಗುವ ಪದ, ಮೂರು ವ್ಯಂಜನಗಳ ಸಂಯುಕ್ತಾಕ್ಷರ ಅದರಲ್ಲಿ ಎರಡು ಸಲ ಬರುತ್ತದೆ.

ನನ್ನ ಸೋದರಳಿಯನ ಯಂತ್ರದಲ್ಲಿ ಇದ್ದದ್ದು 8 ಜಿಬಿ ರ‍್ಯಾಮ್. ಹತ್ತು ನಿಮಿಷದ ಒಂದೇ ತುಣುಕನ್ನು ಶಾಟ್‌ಕಟ್, ಕೆಡೆನ್‌ಲೈವ್, ರಿಸಾಲ್ವ್ ಮೂರರಲ್ಲೂ ಒಂದೊಂದು ಸಂಜೆ ಕತ್ತರಿಸಿ ನೋಡಿದೆವು. ರಿಸಾಲ್ವ್ ತೆರೆದುಕೊಳ್ಳುವಷ್ಟರಲ್ಲಿ ಅಕ್ಕ ಕಾಫಿ ತಂದುಕೊಟ್ಟು ಲೋಟವನ್ನೂ ವಾಪಸು ತೆಗೆದುಕೊಂಡು ಹೋದಳು. ಅವನು ಕೆಡೆನ್‌ಲೈವ್ ಅನ್ನು ಇಟ್ಟುಕೊಂಡ. ಯುಪಿಎಸ್ ಒಂದನ್ನು ನಾನು ಕೊಡಿಸಿದೆ.

ನಮಸ್ಕಾರ.