ಹಚ್ಚಿದ ಗಿಡ, ಹುಟ್ಟಿದ ಕಾಡು

ಕೇಳುಗರೆಲ್ಲರಿಗೂ ನಮಸ್ಕಾರ. ವಿಜಯಪುರದ ಬಿಸಿಲಲ್ಲಿ ಕೂತು ಕಾಡಿನ ಮಾತಾಡಲು ಸ್ವಲ್ಪ ಧೈರ್ಯ ಬೇಕು. ಆದರೂ ಕರೆದಿದ್ದಾರೆ, ಬಂದಿದ್ದೇನೆ.

ನಾನು ಹೇಳುವುದು ಒಂದೇ ಮಾತು. ಹಚ್ಚಿದ ಗಿಡ ಬೇರೆ, ತಾನೇ ಹುಟ್ಟಿದ ಕಾಡು ಬೇರೆ. ಲೆಕ್ಕದಲ್ಲಿ ಎರಡನ್ನೂ ಕೂಡಿಸಬೇಡಿ.

ಪೇಪರಿನಲ್ಲಿ ಆಗಾಗ ಓದುತ್ತೀರಿ, ಚೀನಾದಲ್ಲಿ ಕಾಡು ಹೆಚ್ಚಿತು, ಬ್ರೆಜಿಲ್‌ನಲ್ಲಿ ಕಡಿಮೆಯಾಯಿತು ಅಂತ. ಸುಳ್ಳಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಐದು ವರ್ಷಕ್ಕೊಮ್ಮೆ ಎಲ್ಲ ದೇಶಗಳ ಕಾಡಿನ ಲೆಕ್ಕ ಕೊಡುತ್ತದೆ. ಅದರ 2020ರ ವರದಿಯಲ್ಲಿ ನೋಡಿದರೆ, ಚೀನಾದ ಕಾಡು 1990ರಲ್ಲಿ ಸುಮಾರು 15 ಕೋಟಿ 70 ಲಕ್ಷ ಹೆಕ್ಟೇರ್ ಇತ್ತು. 2020ಕ್ಕೆ 22 ಕೋಟಿ ಆಯಿತು. ಇಂಥ ಅಂಕಿ ರೇಡಿಯೋದಲ್ಲಿ ಕೇಳಿದರೆ ತಲೆ ತಿರುಗುತ್ತದೆ. ಕರ್ನಾಟಕವನ್ನೇ ಅಳತೆ ಮಾಡಿಕೊಳ್ಳೋಣ. ನಮ್ಮ ರಾಜ್ಯ ಹತ್ತಿರ ಹತ್ತಿರ 2 ಕೋಟಿ ಹೆಕ್ಟೇರ್. ಅಂದರೆ 30 ವರ್ಷದಲ್ಲಿ ಚೀನಾ ಮೂರು ಕರ್ನಾಟಕದಷ್ಟು ಕಾಡು ಹೆಚ್ಚಿಸಿತು. ಚಪ್ಪಾಳೆ ಹೊಡೆಯುವ ಮೊದಲು ಗಂಟು ಬಿಚ್ಚಿ ನೋಡಿ. ಮೂರರಲ್ಲಿ ಎರಡು ಪಾಲು ಹಚ್ಚಿದ್ದು. ತಾನೇ ಹುಟ್ಟಿದ್ದು ಒಂದು ಪಾಲು.

ಆ ಒಂದು ಪಾಲು ಹೇಗೆ ಬಂತು? 1998ರಲ್ಲಿ ಯಾಂಗ್ಟ್ಸೆ ನದಿಗೆ ಭಾರಿ ಪ್ರವಾಹ ಬಂತು. ಆಮೇಲೆ ಅಲ್ಲಿನ ಸರ್ಕಾರ ಹುಟ್ಟುಕಾಡು ಕಡಿಯುವುದಕ್ಕೆ ತಡೆ ಹಾಕಿತು. ಎಷ್ಟೋ ಗುಡ್ಡಗಳಿಗೆ ದನ, ಆಡು, ಕೊಡಲಿ ಯಾವುದೂ ಹೋಗದ ಹಾಗೆ ಮಾಡಿದರು. ಸುಮ್ನೆ ಬಿಟ್ಟರು, ಬೆಳೆಯಿತು.

ಸುಮ್ನೆ ಬಿಟ್ಟರೆ ಬೆಳೆಯುತ್ತದಾ ಅಂತ ನೀವು ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ. ಅದಕ್ಕೆ ನಾನು ಬೀಳಗಿ ಕಡೆಯ ಒಂದು ಮಡ್ಡಿಯ ಕಥೆ ಹೇಳುತ್ತೇನೆ.

ಅಲ್ಲಿಗೆ ಸಸಿ ಎಣಿಸಲು ಹೋಗಿದ್ದೆ. ಮಡ್ಡಿಯ ಈ ಬದಿಗೆ ಸಾಲಾಗಿ ಗುಂಡಿ ತೋಡಿ ಸಸಿ ಹಚ್ಚಿದ್ದರು. ಬೋರ್ಡೂ ನೆಟ್ಟಿದ್ದರು. ಬೋರ್ಡು ಗಟ್ಟಿಯಾಗಿ ನಿಂತಿತ್ತು, ಸಸಿಗಳನ್ನು ಹುಡುಕಬೇಕಿತ್ತು. ಬದು ದಾಟಿದರೆ ಆ ಬದಿಗೆ ಐದಾರು ಎಕರೆ ಹಸಿರೋ ಹಸಿರು! ಬೇವು, ಕರಿಜಾಲಿ, ಬಾರಿ, ಮುತ್ತಲ, ಕಕ್ಕೆ. ಕೆಲವು ನನಗಿಂತ ಎತ್ತರ. ಯಾರು ಹಚ್ಚಿದರಪ್ಪಾ ಅಂತ ಕುರಿ ಕಾಯುತ್ತಿದ್ದ ಅಜ್ಜನನ್ನು ಕೇಳಿದೆ. ನಕ್ಕುಬಿಟ್ಟ.

"ಯಾರೂ ಹಚ್ಚಿಲ್ರೀ ಸಾಹೇಬ್ರ. ಅಣ್ತಮ್ಮರ ಜಗಳದ ಹೊಲ ಅದು. ಕೋರ್ಟಿನ್ಯಾಗ ಹನ್ನೆರಡು ವರ್ಷ ಆತು."

ಅಣ್ಣ ಬಿತ್ತಲು ಬಂದರೆ ತಮ್ಮ ಬಿಡುವುದಿಲ್ಲ. ತಮ್ಮ ಆಡು ಹೊಡೆದುಕೊಂಡು ಬಂದರೆ ಅಣ್ಣ ಕಲ್ಲು ಹಿಡಿದು ನಿಲ್ಲುತ್ತಾನೆ. ಅಜ್ಜನ ಕುರಿ ಒಳಗೆ ಹೊಕ್ಕರೆ ಮಾತ್ರ ಇಬ್ಬರೂ ಒಂದಾಗಿಬಿಡುತ್ತಿದ್ದರಂತೆ! ನಾನು ಅಲ್ಲೇ ಒಂದು ತಾಸು ಅಡ್ಡಾಡಿದೆ. ಬೇವಿನ ಬೀಜ ಹಕ್ಕಿ ತಂದಿದ್ದು, ಜಾಲಿಯ ನೆರಳಲ್ಲಿ ಮೊಳೆತಿದೆ. ಮುತ್ತಲದ ಬೇರು ಮೊದಲಿನಿಂದಲೂ ನೆಲದೊಳಗೇ ಇತ್ತು. ನೇಗಿಲು ನಿಂತಿದ್ದೇ ಚಿಗುರಿಕೊಂಡಿತು. ಟ್ಯಾಂಕರ್ ಇಲ್ಲ, ಗುಂಡಿ ಇಲ್ಲ. ಖರ್ಚು ಅಂದರೆ ವಕೀಲರ ಫೀಸು, ಅಷ್ಟೇ.

ಈಗ ಹೇಳಿ, ಇವೆರಡನ್ನೂ ಒಂದೇ ಕಾಲಮ್ಮಿನಲ್ಲಿ ಬರೆಯೋಣವಾ? ಪ್ರತಿ ಮಳೆಗಾಲ ಸಸಿ ಹಿಡಿದು ಫೋಟೋಕ್ಕೆ ನಿಲ್ಲುವವರನ್ನು ನಾನು ಇದನ್ನೇ ಕೇಳುತ್ತೇನೆ. ಅವರು ನನ್ನನ್ನು ಮುಂದಿನ ವರ್ಷ ಕರೆಯುವುದಿಲ್ಲ.

ಗಾಜಿನ ಆಚೆ ಕೂತವರು ಗಡಿಯಾರ ತೋರಿಸುತ್ತಿದ್ದಾರೆ. ಬ್ರೆಜಿಲ್ ಉಳಿದೇಹೋಯಿತು, ಬೇಗ ಹೇಳಿಬಿಡುತ್ತೇನೆ. ಅಲ್ಲಿನ ಕಾಡು ಹೆಚ್ಚುಕಮ್ಮಿ ಪೂರ್ತಿ ತಾನೇ ಹುಟ್ಟಿದ್ದು. ಅದೇ 30 ವರ್ಷದಲ್ಲಿ ಅದರಲ್ಲಿ ಐದು ಕರ್ನಾಟಕದಷ್ಟು ಹೋಯಿತು. ದನ ಮೇಯಿಸುವ ಹುಲ್ಲುಗಾವಲಿಗೆ ಹೋಯಿತು, ಸೋಯಾ ಬೆಳೆಗೆ ಹೋಯಿತು. ಆದರೂ ಹುಟ್ಟುಕಾಡು ಚೀನಾದಲ್ಲಿ ಇರುವುದರ ಮೂರು ಪಟ್ಟಿಗಿಂತ ಜಾಸ್ತಿ ಅಲ್ಲಿ ಉಳಿದಿದೆ. ಒಬ್ಬರ ಗಂಟು ದೊಡ್ಡದು, ಕರಗುತ್ತಿದೆ. ಇನ್ನೊಬ್ಬರದು ಚಿಕ್ಕದು, ಬೆಳೆಯುತ್ತಿದೆ. ಬ್ರೆಜಿಲ್‌ನಲ್ಲೂ ನೀಲಗಿರಿ ಹಚ್ಚಿದ್ದಾರೆ. ಐದು ಕರ್ನಾಟಕ ಕಳೆದು ನೀಲಗಿರಿ ಕೂಡಿಸಿದರೆ ಲೆಕ್ಕ ಸರಿಹೋಗುತ್ತದಾ? ಅದಕ್ಕೇ ಹೇಳಿದ್ದು, ಕೂಡಿಸಬೇಡಿ ಅಂತ.

ಆ ಅಣ್ಣತಮ್ಮಂದಿರ ಕೇಸು ಏನಾಯಿತು ಅಂತ ಕೇಳುತ್ತೀರಲ್ವಾ? ಹೋದ ವರ್ಷ ರಾಜಿ ಆಯಿತಂತೆ. ಊರವರಿಗೆಲ್ಲ ಸಂತೋಷ. ನಾನು ಮಾತ್ರ ಇನ್ನೂ ಆ ಕಡೆ ಹೋಗಿಲ್ಲ. ನೋಡಲು ಮನಸ್ಸು ಬರುತ್ತಿಲ್ಲ. ನಮಸ್ಕಾರ.